ಕ್ಲಾಸಿಗೆ ಚಿತ್ರಪುಸ್ತಕ ಆರಿಸುವಾಗ ಏನು ನೋಡಬೇಕು?

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ಗ್ರಂಥಾಲಯ ಅನುದಾನ ಅಂತ ಒಂದಿದೆ. ಶಾಲೆಯ ಹಂತ ನೋಡಿಕೊಂಡು ವರ್ಷಕ್ಕೆ 5,000 ರೂಪಾಯಿಯಿಂದ 20,000 ರೂಪಾಯಿವರೆಗೆ. ಕನ್ನಡದ ಒಂದು ಚಿತ್ರಪುಸ್ತಕಕ್ಕೆ ನೂರು ರೂಪಾಯಿ ಅಂದುಕೊಂಡರೂ 5,000ಕ್ಕೆ ಐವತ್ತು ಪುಸ್ತಕ ಬರುತ್ತವೆ. ಮೂವತ್ತು ಮಕ್ಕಳ ಶಾಲೆಗೆ ಅದು ಕಡಿಮೆಯೇನಲ್ಲ. ಆದರೆ ಆ ಐವತ್ತರಲ್ಲಿ ಬೀರುವಿನಿಂದ ಹೊರಗೆ ಬಂದು, ಮಕ್ಕಳ ಕೈಯಲ್ಲಿ ಓಡಾಡಿ, ‘ಟೀಚರ್, ಇದನ್ನ ಇನ್ನೊಂದ್ಸಲ ಓದಿ’ ಅನ್ನಿಸಿಕೊಳ್ಳುವುದು ಎಷ್ಟು?

ಹೆಚ್ಚಿನ ಕಡೆ ಆಯ್ಕೆ ನಡೆಯುವುದು ಬೆಲೆಪಟ್ಟಿ ನೋಡಿ, ಮುಖಪುಟದ ಬಣ್ಣ ನೋಡಿ, ಕೊನೆಯ ಪುಟದ ನೀತಿ ನೋಡಿ. ಪುಸ್ತಕ ಬಿಡಿಸಿ, ಪೂರ್ತಿ ಓದಿ ಆರಿಸುವುದು ಅಪರೂಪ. ಚಿತ್ರಪುಸ್ತಕ ಓದಲು ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷದಲ್ಲಿ ಏನು ನೋಡಬೇಕು ಅನ್ನುವುದೇ ಈ ಲೇಖನದ ವಿಷಯ. ನನ್ನ ಮಟ್ಟಿಗೆ ಎಲ್ಲ ಪ್ರಶ್ನೆಗಳೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ: ಈ ಪುಸ್ತಕ ಮಕ್ಕಳಿಗೆ ಅಂತ ಏನಾದರೂ ಕೆಲಸ ಉಳಿಸಿದೆಯಾ? ಅಥವಾ ಎಲ್ಲವನ್ನೂ ತಾನೇ ಹೇಳಿ ಮುಗಿಸಿದೆಯಾ?

ಚಿತ್ರ ಇದ್ದರೆ ಚಿತ್ರಪುಸ್ತಕ ಆಗುವುದಿಲ್ಲ

ಮಕ್ಕಳಿಗಾಗಿ ಚಿತ್ರ ಹಾಕಿದ ಪುಸ್ತಕ ಹೊಸದೇನಲ್ಲ. ಕೊಮೇನಿಯಸ್ ಅನ್ನುವ ಶಿಕ್ಷಣ ಚಿಂತಕ 1658ರಲ್ಲೇ ನ್ಯೂರೆಂಬರ್ಗ್‌ನಲ್ಲಿ ಅಂಥದ್ದೊಂದು ಪಠ್ಯ ಅಚ್ಚು ಹಾಕಿಸಿದ್ದ. ಒಂದು ಚಿತ್ರ, ಅದರಲ್ಲಿನ ವಸ್ತುಗಳಿಗೆ ನಂಬರು, ಕೆಳಗೆ ಲ್ಯಾಟಿನ್ ಮತ್ತು ಜರ್ಮನ್‌ನಲ್ಲಿ ವಿವರ. ನಮ್ಮ ಪಠ್ಯಪುಸ್ತಕಗಳಲ್ಲಿ ಇವತ್ತಿಗೂ ಚಿತ್ರ ಮಾಡುವ ಕೆಲಸ ಬಹುಪಾಲು ಅದೇ. ಮಾತು ‘ಹಸು’ ಅನ್ನುತ್ತದೆ, ಚಿತ್ರ ಹಸುವನ್ನು ತೋರಿಸುತ್ತದೆ. ಅದು ಬೇಕು, ತಪ್ಪಲ್ಲ. ಆದರೆ ಕಥೆಯ ಚಿತ್ರಪುಸ್ತಕ ಇದಕ್ಕಿಂತ ಜಾಸ್ತಿ ಮಾಡಬೇಕು. ಅಲ್ಲಿ ಅರ್ಧ ಕಥೆಯನ್ನು ಮಾತು ಹೇಳುತ್ತದೆ, ಇನ್ನರ್ಧವನ್ನು ಚಿತ್ರ ಹೇಳುತ್ತದೆ. ಎರಡನ್ನೂ ಸೇರಿಸುವುದು ಮಗು.

ಒಂದು ಪುಸ್ತಕ ಕಲ್ಪಿಸಿಕೊಳ್ಳಿ. ಅಜ್ಜಿ ಸಂತೆ ಮುಗಿಸಿ ಮನೆಗೆ ಹೊರಟಿದ್ದಾಳೆ. ಪುಟದಲ್ಲಿ ಎರಡೇ ಸಾಲು: ‘ಅಜ್ಜಿ ಬೇಗ ಬೇಗ ನಡೆದಳು. ದಾರಿಯಲ್ಲಿ ಯಾರೂ ಇರಲಿಲ್ಲ.’ ಚಿತ್ರದಲ್ಲಿ ಅಜ್ಜಿಯ ಚೀಲಕ್ಕೆ ಒಂದು ತೂತು. ಅದರಿಂದ ಕಡಲೆಕಾಯಿ ಒಂದೊಂದೇ ಉದುರುತ್ತಿದೆ. ಹಿಂದೆ ಒಂದು ಅಳಿಲು, ಅಳಿಲಿನ ಹಿಂದೆ ಕೋಳಿ, ಕೋಳಿಯ ಹಿಂದೆ ಮೇಕೆಮರಿ, ಎಲ್ಲರಿಗಿಂತ ಹಿಂದೆ ಚಡ್ಡಿ ಹಾಕಿದ ಪುಟ್ಟ ಹುಡುಗ. ಟೀಚರ್ ‘ದಾರಿಯಲ್ಲಿ ಯಾರೂ ಇರಲಿಲ್ಲ’ ಅಂತ ಓದಿದ ತಕ್ಷಣ ಕ್ಲಾಸಿನಲ್ಲಿ ಏನಾಗುತ್ತದೆ? ‘ಇದಾರೆ ಟೀಚರ್! ಹಿಂದೆ ನೋಡಿ!’ ಅಂತ ಅರ್ಧ ಕ್ಲಾಸು ಎದ್ದು ನಿಲ್ಲುತ್ತದೆ. ಅಜ್ಜಿಗೆ ಗೊತ್ತಿಲ್ಲದ್ದು ನಮಗೆ ಗೊತ್ತು ಅನ್ನುವ ಖುಷಿ ಅದು. ಓದಲು ಬಾರದ ಮಗುವೂ ಆ ಖುಷಿಯಲ್ಲಿ ಪಾಲುದಾರ.

ಇದೇ ಚಿತ್ರದ ಕೆಳಗೆ ‘ಅಜ್ಜಿಯ ಚೀಲ ತೂತಾಗಿತ್ತು. ಕಡಲೆಕಾಯಿ ಉದುರಿತು. ಅಳಿಲು, ಕೋಳಿ, ಮೇಕೆ ತಿನ್ನಲು ಬಂದವು’ ಅಂತ ಬರೆದಿದ್ದರೆ? ಕಥೆ ಅದೇ, ಚಿತ್ರವೂ ಅದೇ. ಆದರೆ ಮಕ್ಕಳಿಗೆ ಹುಡುಕಲು ಏನೂ ಉಳಿದಿಲ್ಲ. ಸುಮ್ಮನೆ ಕೂತು ಕೇಳಬೇಕು, ಅಷ್ಟೆ.

ಇದನ್ನು ಪರೀಕ್ಷಿಸುವುದು ಸುಲಭ. ಪುಟದ ಮೇಲಿನ ಮಾತನ್ನು ಅಂಗೈಯಿಂದ ಮುಚ್ಚಿ, ಚಿತ್ರ ಮಾತ್ರ ನೋಡಿ. ಆಮೇಲೆ ಚಿತ್ರ ಮುಚ್ಚಿ ಮಾತು ಮಾತ್ರ ಓದಿ. ಎರಡೂ ಸಲ ಒಂದೇ ವಿಷಯ ಸಿಕ್ಕಿದರೆ ಆ ಪುಸ್ತಕದಲ್ಲಿ ಚಿತ್ರ ಬರೀ ಅಲಂಕಾರ. ಒಂದೊಂದರಲ್ಲಿ ಒಂದೊಂದು ಸಂಗತಿ ಸಿಕ್ಕಿ, ಸೇರಿಸಿದಾಗ ಮೂರನೆಯದೊಂದು ಹೊಳೆದರೆ ಅದನ್ನು ಕೊಳ್ಳಿ. ಮಕ್ಕಳ ಪುಸ್ತಕದ ಅಂಗಡಿಯಲ್ಲಿ, ಪುಸ್ತಕ ಮೇಳದಲ್ಲಿ ನಿಂತಲ್ಲೇ ಮಾಡಬಹುದಾದ ಪರೀಕ್ಷೆ ಇದು.

ಪುಟ ತಿರುಗಿಸುವ ಜಾಗವನ್ನೂ ಗಮನಿಸಿ. ಚಿತ್ರಪುಸ್ತಕಗಳು ಸಾಮಾನ್ಯವಾಗಿ 16, 24 ಇಲ್ಲವೇ 32 ಪುಟ ಇರುತ್ತವೆ. ದೊಡ್ಡ ಹಾಳೆಯಲ್ಲಿ ಅಚ್ಚು ಮಾಡಿ ಮಡಚಿ ಕತ್ತರಿಸುವುದರಿಂದ ಪುಟಗಳು ನಾಲ್ಕರ, ಎಂಟರ ಲೆಕ್ಕದಲ್ಲೇ ಬರುತ್ತವೆ. ಇಷ್ಟು ಕಡಿಮೆ ಪುಟದಲ್ಲಿ ಕಥೆ ಕಟ್ಟುವವರು ಪುಟ ತಿರುಗಿಸುವುದನ್ನೇ ಒಂದು ಸಾಧನ ಮಾಡಿಕೊಳ್ಳುತ್ತಾರೆ. ಅಜ್ಜಿಯ ಕಥೆಯಲ್ಲಿ ಬಲಗಡೆ ಪುಟ ‘ಮನೆಗೆ ಬಂದು ಚೀಲ ಬಗ್ಗಿಸಿದಳು...’ ಅಂತ ನಿಂತರೆ, ಆ ಪುಟ ತಿರುಗಿಸುವ ಮೊದಲು ಇಡೀ ಕ್ಲಾಸು ಉಸಿರು ಹಿಡಿದಿರುತ್ತದೆ. ‘ಏನಾಗಿರುತ್ತೆ?’ ಅಂತ ಕೇಳಲು ಟೀಚರ್‌ಗೆ ತಾನಾಗೇ ಒಂದು ಜಾಗ ಸಿಗುತ್ತದೆ. ಮುಂದಿನ ಪುಟದ ಗುಟ್ಟು ಎಡಪುಟದಲ್ಲೇ ರಟ್ಟಾಗುವ ಪುಸ್ತಕಗಳೂ ಇವೆ. ಅವನ್ನು ಮನೆಯಲ್ಲಿ ಓದಬಹುದು. ಮೂವತ್ತು ಮಕ್ಕಳ ಮುಂದೆ ಹಿಡಿದು ಓದುವಾಗ ಅವು ಸಪ್ಪೆ.

ಮೊದಲು ಬಳಕೆ, ಆಮೇಲೆ ಪುಸ್ತಕ

ಮನೆಯಲ್ಲಿ ಪುಸ್ತಕ ಆರಿಸುವುದಕ್ಕೂ ಕ್ಲಾಸಿಗೆ ಆರಿಸುವುದಕ್ಕೂ ದೊಡ್ಡ ವ್ಯತ್ಯಾಸ ಇದೆ. ಮನೆಯಲ್ಲಿ ಮಗು ತೊಡೆ ಮೇಲೆ ಕೂತಿರುತ್ತದೆ, ಪುಸ್ತಕ ಅದರ ಮೂಗಿನ ಹತ್ತಿರ ಇರುತ್ತದೆ. ಕ್ಲಾಸಿನಲ್ಲಿ ಕೊನೆಯ ಸಾಲಿನ ಮಗು ಪುಸ್ತಕದಿಂದ ಹತ್ತು-ಹನ್ನೆರಡು ಅಡಿ ದೂರ. ಮನೆಯಲ್ಲಿ ಇಷ್ಟವಾದ, ಸಣ್ಣ ಸಣ್ಣ ಗೆರೆಗಳ ಚಂದದ ಪುಸ್ತಕ ಕ್ಲಾಸಿನಲ್ಲಿ ಮಸುಕು ಬಣ್ಣದ ಹಾಳೆಯಾಗಿ ಕಾಣುತ್ತದೆ.

ಹಾಗಾಗಿ ಆರಿಸುವ ಮೊದಲು ಇದನ್ನು ಹೇಗೆ ಬಳಸುತ್ತೇನೆ ಅಂತ ಕೇಳಿಕೊಳ್ಳಬೇಕು. ಇಡೀ ಕ್ಲಾಸಿಗೆ ಗಟ್ಟಿಯಾಗಿ ಓದಿ ಹೇಳುವುದಕ್ಕಾ? ನಾಲ್ಕೈದು ಮಕ್ಕಳು ಸುತ್ತ ಕೂತು ಒಟ್ಟಿಗೆ ಓದುವುದಕ್ಕಾ? ಅಥವಾ ಮಗು ಒಂದೇ ಕೂತು ತಾನೇ ಓದಿಕೊಳ್ಳುವುದಕ್ಕಾ? ಒಂದೇ ಪುಸ್ತಕ ಮೂರಕ್ಕೂ ಒಗ್ಗುವುದು ಕಡಿಮೆ.

ಗಟ್ಟಿ ಓದಿಗೆ ಅಂದರೆ ಪುಸ್ತಕವನ್ನು ಬೋರ್ಡಿನ ಅಂಚಿನ ಮೇಲೆ ಒರಗಿಸಿ, ಹಿಂದಿನ ಗೋಡೆಯವರೆಗೆ ನಡೆದು ಹೋಗಿ ತಿರುಗಿ ನೋಡಿ. ಮುಖ್ಯ ಪಾತ್ರದ ಮುಖ ಕಾಣುತ್ತಾ? ಅವರು ನಗುತ್ತಿದ್ದಾರೋ ಅಳುತ್ತಿದ್ದಾರೋ ಗೊತ್ತಾಗುತ್ತಾ? ಆ ಮುಖ್ಯವಾದ ಕಡಲೆಕಾಯಿ ಕಾಣುತ್ತಾ? ಕಾಣದಿದ್ದರೆ ಅದನ್ನು ಗುಂಪಿನ ಓದಿಗೆ ಇಟ್ಟುಕೊಳ್ಳಿ. ಇನ್ನೊಂದು ಸಣ್ಣ ವಿಷಯ: ಹೊಳೆಯುವ ನುಣುಪು ಕಾಗದದ ಪುಟಗಳು ಬಾಗಿಲ ಬೆಳಕಿಗೆ ಮಿಂಚುತ್ತವೆ. ಒಂದು ಬದಿಯ ಮಕ್ಕಳಿಗೆ ಬರೀ ಬಿಳಿ ಹೊಳಪು ಕಾಣುತ್ತದೆ. ಮಂದ ಕಾಗದ ಸಿಕ್ಕಿದರೆ ಒಳ್ಳೆಯದು. ಇಲ್ಲದಿದ್ದರೆ ಬೆಳಕು ಪುಟಕ್ಕೆ ನೇರ ಬೀಳದ ಹಾಗೆ ನಿಂತು ಓದಿ.

ಗಟ್ಟಿ ಓದಿಗೆ ಮಾತಿನ ಮಟ್ಟ ಮಕ್ಕಳ ಸ್ವಂತ ಓದಿನ ಮಟ್ಟಕ್ಕಿಂತ ಮೇಲಿರಬಹುದು, ಇರಲೇಬೇಕು. ಎರಡನೇ ಕ್ಲಾಸಿನ ಮಗು ಕಾಗುಣಿತದಲ್ಲಿ ತಡವರಿಸುತ್ತಿರಬಹುದು. ಆದರೆ ಅದು ಮನೆಯಲ್ಲಿ ಇಡೀ ದಿನ ದೊಡ್ಡವರ ಮಾತು ಕೇಳುತ್ತದೆ, ಜಗಳ ಅರ್ಥ ಮಾಡಿಕೊಳ್ಳುತ್ತದೆ, ಅಜ್ಜಿ ಹೇಳುವ ಉದ್ದನೆ ಕಥೆ ಹಿಂಬಾಲಿಸುತ್ತದೆ. ಅದರ ಕಿವಿ ಕಣ್ಣಿಗಿಂತ ನಾಲ್ಕು ವರ್ಷ ಮುಂದೆ ಇರಬಹುದು. ಓದಲು ಬರುವ ಅಕ್ಷರಗಳಷ್ಟೇ ಇರುವ ಕಥೆಯನ್ನೇ ದಿನಾ ಓದಿ ಹೇಳಿದರೆ ಆ ಕಿವಿಗೆ ಅನ್ಯಾಯ.

ಕನ್ನಡದ ಮಗುವಿಗೆ ಯಾವುದು ಕಷ್ಟ?

ಮಗು ತಾನೇ ಓದಿಕೊಳ್ಳುವ ಪುಸ್ತಕದ ಲೆಕ್ಕ ಬೇರೆ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು.

ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಿಂದ ಮಕ್ಕಳ ಪುಸ್ತಕ ಮಾಡುತ್ತಿದೆ. ಅವರ ಪುಸ್ತಕಗಳಿಗೆ 1ರಿಂದ 4ರವರೆಗೆ ಓದಿನ ಹಂತ ಇದೆ. ಹೆಚ್ಚುಕಡಿಮೆ 250 ಪದಗಳ ಒಳಗಿನದು 1ನೇ ಹಂತ, 600ರವರೆಗೆ 2ನೇ ಹಂತ, 1,500ರವರೆಗೆ 3ನೇ ಹಂತ, ಅದಕ್ಕಿಂತ ದೊಡ್ಡದು 4ನೇ ಹಂತ. ಟೀಚರ್‌ಗಳಿಗೆ ಇದು ನಿಜಕ್ಕೂ ಉಪಯೋಗದ ಗುರುತು. ಆದರೆ ಕನ್ನಡದಲ್ಲಿ ಪದಗಳ ಎಣಿಕೆ ಒಂದೇ ಸಾಲದು. ನಮ್ಮಲ್ಲಿ ‘ಹೋಗಬೇಕಾಗಿತ್ತಲ್ಲ’ ಅನ್ನುವುದು ಒಂದೇ ಪದ. ‘ಮನೆಯಲ್ಲಿರುವವರಿಗೆಲ್ಲ’ ಕೂಡ ಒಂದೇ ಪದ. ಎಣಿಕೆಯಲ್ಲಿ ಕಡಿಮೆ ಇದ್ದರೂ ಓದುವ ಮಗುವಿಗೆ ಅದು ಹತ್ತು ಅಕ್ಷರದ ಗೋಡೆ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಶುರುವಿನಲ್ಲಿ ಏನಿತ್ತು ಅನ್ನುವುದೇ ಮರೆತುಹೋಗಿರುತ್ತದೆ.

ಇನ್ನು ಅಕ್ಷರಗಳು. ವರ್ಣಮಾಲೆಯಲ್ಲಿ 49. ಕಾಗುಣಿತ ಸೇರಿಸಿದರೆ ನಾನೂರು ದಾಟುತ್ತದೆ. ಒತ್ತಕ್ಷರ ಅದರ ಮೇಲೆ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೊನಾಲಿ ನಾಗ್ ಅವರ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅಕ್ಷರಗಳ ಮೇಲೆ ಹಿಡಿತ ಬರುವುದು ಒಂದನೇ ಕ್ಲಾಸಿಗೆ ಮುಗಿಯುವ ಕೆಲಸ ಅಲ್ಲ, ಅದು ಮೂರು-ನಾಲ್ಕನೇ ಕ್ಲಾಸಿನವರೆಗೂ ನಡೆಯುತ್ತಿರುತ್ತದೆ ಅನ್ನುವುದು ಅದರಿಂದ ಸ್ಪಷ್ಟವಾಗುತ್ತದೆ. ಕ್ಲಾಸಿನಲ್ಲಿ ನಿಂತವರಿಗೆಲ್ಲ ಇದು ಗೊತ್ತಿರುವ ಸತ್ಯವೇ. ಹಾಗಿದ್ದೂ ‘ಮೂರನೇ ಕ್ಲಾಸಿಗೆ ಬಂದರೂ ಓದಲು ಬರಲ್ಲ’ ಅಂತ ಮಗುವನ್ನೇ ದೂರುತ್ತೇವೆ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಅಕ್ಷರ ಕಲಿಕೆ ಅ, ಆ, ಇ, ಈ ಅಂತ ಶುರುವಾಗುವುದಿಲ್ಲ. ರ, ಗ, ಸ, ದ, ಅ ಅಂತ ಶುರುವಾಗುತ್ತದೆ. ಈ ಐದೇ ಅಕ್ಷರ ಬಂದರೆ ಮಗು ಅರಸ, ದಸರ, ಸರ, ಅಗಸ, ಗರಗಸ ಓದಿಬಿಡುತ್ತದೆ. ಆ ಹಂತದ ಮಗುವಿಗೆ ಪುಟಕ್ಕೆ ಮೂರು-ನಾಲ್ಕು ಪದ, ಅದೂ ಮತ್ತೆ ಮತ್ತೆ ಬರುವ ಪದ ಇರುವ ಪುಸ್ತಕ ಬೇಕು. ಒಂದೇ ಸಾಲು ಪ್ರತಿ ಪುಟದಲ್ಲೂ ಮರಳಿ ಬಂದರೆ ಇನ್ನೂ ಒಳ್ಳೆಯದು. ಮೂರನೇ ಪುಟಕ್ಕೆ ಮಗು ಆ ಸಾಲನ್ನು ಕಂಠಪಾಠ ಹೇಳುತ್ತದೆ. ‘ಓದುತ್ತಿಲ್ಲ, ಬಾಯಿಪಾಠ ಹೇಳ್ತಿದೆ’ ಅಂತ ತಳ್ಳಿಹಾಕಬೇಡಿ. ಬಾಯಲ್ಲಿರುವ ಮಾತನ್ನು ಪುಟದ ಮೇಲಿನ ಗುರುತಿಗೆ ಹೊಂದಿಸುವುದೇ ಓದಿನ ಶುರು.

ಒತ್ತಕ್ಷರ ಎಲ್ಲವೂ ಒಂದೇ ಥರ ಕಷ್ಟ ಅಲ್ಲ. ಅಮ್ಮ, ಅಪ್ಪ, ಅಕ್ಕ, ಬೆಕ್ಕು, ಹಕ್ಕಿ ಇವುಗಳಲ್ಲಿ ಒತ್ತು ಇದ್ದರೂ ಮಗುವಿನ ನಾಲಿಗೆ ಮೇಲೆ ಮೊದಲೇ ಇರುವ ಪದಗಳು. ಜೊತೆಗೆ ಇವು ಸಜಾತಿ ಒತ್ತು, ಅಂದರೆ ಒಂದು ಅಕ್ಷರಕ್ಕೆ ಅದೇ ಅಕ್ಷರದ ಒತ್ತು. ಮಕ್ಕಳು ಬೇಗ ಹಿಡಿಯುತ್ತಾರೆ. ಉತ್ಸಾಹ, ಪ್ರಶ್ನೆ, ಆಶ್ಚರ್ಯ ಅಂದಾಗ ನಿಜವಾದ ತೊಡಕು. ಅರ್ಕಾವತ್ತಿನಲ್ಲಂತೂ, ‘ಸೂರ್ಯ’ದ ಹಾಗೆ, ಮೊದಲು ಉಚ್ಚರಿಸುವ ‘ರ್’ ಅನ್ನು ಆಮೇಲೆ ಬರೆಯುತ್ತೇವೆ. ಹಾಗಂತ ಒತ್ತಕ್ಷರವೇ ಇಲ್ಲದ ಪುಸ್ತಕ ಹುಡುಕಲು ಹೋಗಬೇಡಿ. ಒತ್ತು ಬೇಡ ಅಂತ ಅಮ್ಮನನ್ನೂ ಬೆಕ್ಕನ್ನೂ ಬಿಟ್ಟು ಬರೆದ ಕಥೆಗೆ ಜೀವ ಇರುವುದಿಲ್ಲ.

ಅಚ್ಚು ಹೇಗಿದೆ ಅನ್ನುವುದು ಕನ್ನಡದಲ್ಲಿ ತುಂಬ ಮುಖ್ಯ. ನಮ್ಮ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ. ಗುಡಿಸು, ಏತ್ವ ಮೇಲೆ ಕೂರುತ್ತವೆ. ಎರಡು ಸಾಲಿನ ನಡುವೆ ಜಾಗ ಕಡಿಮೆ ಆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ದೊಡ್ಡವರು ಅಂದಾಜಿನಲ್ಲಿ ಓದಿಕೊಂಡು ಹೋಗುತ್ತೇವೆ. ಮಗು ಅಲ್ಲೇ ನಿಲ್ಲುತ್ತದೆ. ಇಂಗ್ಲಿಷ್ ಪುಸ್ತಕದ ವಿನ್ಯಾಸದಲ್ಲೇ ಕನ್ನಡವನ್ನು ತುರುಕಿದಾಗ ಹೀಗಾಗುತ್ತದೆ. ಕಡು ಬಣ್ಣದ ಚಿತ್ರದ ಮೇಲೆ ಕಪ್ಪು ಅಕ್ಷರ, ಅಂಕುಡೊಂಕಾಗಿ ಓಡುವ ಸಾಲು, ಅಲಂಕಾರದ ಅಕ್ಷರವಿನ್ಯಾಸ ಇದ್ದರೆ ಅದು ಸ್ವಂತ ಓದಿನ ಗೂಡಿಗೆ ಬೇಡ.

ಇನ್ನೊಂದು ಮಾತು. ಕನ್ನಡದಲ್ಲಿ ಸಿಗುವ ಚಿತ್ರಪುಸ್ತಕಗಳಲ್ಲಿ ಅನುವಾದ ಬಹಳ. ಒಳ್ಳೆಯ ಅನುವಾದಗಳೂ ಇವೆ. ಗೊತ್ತಾಗುವುದು ಹೇಗೆ? ಗಟ್ಟಿಯಾಗಿ ಓದಿ. ‘ಅವಳು ತನ್ನ ತಾಯಿಯ ಕಡೆಗೆ ಓಡಿದಳು ಮತ್ತು ಅವಳನ್ನು ಅಪ್ಪಿಕೊಂಡಳು’ ಅಂತ ಇದ್ದರೆ ನಿಮ್ಮ ನಾಲಿಗೆಯೇ ತಕರಾರು ಮಾಡುತ್ತದೆ. ‘ಓಡಿ ಹೋಗಿ ಅಮ್ಮನನ್ನು ಅಪ್ಪಿಕೊಂಡಳು’ ಅಂತಿದ್ದರೆ ಮಾತು ಹರಿಯುತ್ತದೆ. ಎರಡು ಪುಟ ಓದುವಷ್ಟರಲ್ಲಿ ಉಸಿರು ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯದಿದ್ದರೆ ಆ ಪುಸ್ತಕ ವಾಪಸ್ ಇಡಿ, ಚಿತ್ರ ಎಷ್ಟೇ ಚಂದ ಇರಲಿ.

ಚಿತ್ರದಲ್ಲಿ ಯಾರಿದ್ದಾರೆ?

ಅಮೆರಿಕದ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದ ಒಂದು ಸಣ್ಣ ಲೇಖನ ಮಕ್ಕಳ ಪುಸ್ತಕದ ಬಗ್ಗೆ ಮಾತಾಡುವವರೆಲ್ಲರ ಬಾಯಲ್ಲೂ ಇದೆ. ಪುಸ್ತಕ ಮಗುವಿಗೆ ಕನ್ನಡಿಯೂ ಆಗಬೇಕು, ಕಿಟಕಿಯೂ ಆಗಬೇಕು ಅನ್ನುವುದು ಅವರ ಮಾತು. ಕನ್ನಡಿಯಲ್ಲಿ ತನ್ನ ಬದುಕು ಕಾಣಬೇಕು, ಕಿಟಕಿಯಲ್ಲಿ ಬೇರೆಯವರ ಬದುಕು. ಕಪ್ಪು ಮಕ್ಕಳಿಗೆ ಅಲ್ಲಿನ ಪುಸ್ತಕಗಳಲ್ಲಿ ಕನ್ನಡಿಯೇ ಸಿಗುತ್ತಿರಲಿಲ್ಲ ಅನ್ನುವ ನೋವಿನಿಂದ ಅವರು ಅದನ್ನು ಬರೆದರು. ನಮ್ಮ ಕ್ಲಾಸಿಗೂ ಆ ಪ್ರಶ್ನೆ ಅಷ್ಟೇ ನಿಜ.

ನಿಮ್ಮ ಬೀರುವಿನಲ್ಲಿರುವ ಪುಸ್ತಕಗಳನ್ನೆಲ್ಲ ನೆಲದ ಮೇಲೆ ಹರಡಿ. ಒಂದೊಂದರಲ್ಲಿ ಹುಡುಕುವುದಕ್ಕಿಂತ ಒಟ್ಟಿಗೆ ನೋಡಿದರೆ ಬೇಗ ಗೊತ್ತಾಗುತ್ತದೆ. ಎಷ್ಟು ಮನೆಗಳಲ್ಲಿ ಸೋಫಾ ಇದೆ? ಎಷ್ಟು ಮನೆಗಳಿಗೆ ಶೀಟಿನ ಮಾಡು ಇದೆ? ಅಡುಗೆ ಮಾಡುವುದು ಯಾವಾಗಲೂ ಅಮ್ಮನೇ? ಪೇಪರ್ ಓದುವುದು ಯಾವಾಗಲೂ ಅಪ್ಪನೇ? ಎಲ್ಲ ಮಕ್ಕಳೂ ಬೆಳ್ಳಗೇ ಇದ್ದಾರಾ? ಮುಸ್ಲಿಂ ಹೆಸರಿನ ಮಗು ಈದ್ ಹಬ್ಬದ ಕಥೆಯಲ್ಲಿ ಮಾತ್ರ ಬರುತ್ತದಾ, ಅಥವಾ ಗಾಳಿಪಟ ಕಳೆದುಕೊಂಡ ಮಾಮೂಲಿ ಕಥೆಯಲ್ಲೂ ಬರುತ್ತದಾ? ತಾಂಡಾದ ಮಗು, ಹಾಡಿಯ ಮಗು, ಮೀನು ಹಿಡಿಯುವವರ ಮನೆಯ ಮಗು, ಕಟ್ಟಡ ಕೆಲಸಕ್ಕೆ ಊರು ಬಿಟ್ಟು ಬಂದವರ ಮಗು ಎಲ್ಲಾದರೂ ಇದೆಯಾ?

ಇದ್ದರೆ ಸಾಲದು, ಕಥೆಯಲ್ಲಿ ತೀರ್ಮಾನ ತೆಗೆದುಕೊಳ್ಳುವವರು ಯಾರು ಅಂತಲೂ ನೋಡಬೇಕು. ಗಾಲಿಕುರ್ಚಿಯ ಹುಡುಗಿ ಕಥೆಯಲ್ಲಿದ್ದಾಳೆ, ಆದರೆ ಅವಳ ಕೆಲಸ ಬೇರೆಯವರಿಂದ ಸಹಾಯ ಪಡೆದು ಥ್ಯಾಂಕ್ಸ್ ಹೇಳುವುದಷ್ಟೇ ಆದರೆ, ಆ ಕಥೆ ಅವಳದ್ದಲ್ಲ. ಅವಳು ಹಠ ಮಾಡಲಿ, ಗುಟ್ಟು ಕಾಪಾಡಲಿ, ಆಟದಲ್ಲಿ ಮೋಸ ಮಾಡಿ ಸಿಕ್ಕಿಬೀಳಲಿ. ಬೇರೆ ಮಕ್ಕಳು ಮಾಡುವುದನ್ನೆಲ್ಲ ಅವಳೂ ಮಾಡಲಿ.

ಭಾಷೆಯೂ ಕನ್ನಡಿಯೇ. ಕರ್ನಾಟಕದ ಎಷ್ಟೋ ಕ್ಲಾಸುಗಳಲ್ಲಿ ಮಕ್ಕಳ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಕೊಡವ, ಲಂಬಾಣಿ, ಉರ್ದು, ತೆಲುಗು, ಮರಾಠಿ. ಮನೆಮಾತು ಕನ್ನಡವೇ ಆದರೂ ವಿಜಯಪುರದ ಮಗುವಿನ ಕನ್ನಡ ಪುಸ್ತಕದ ಕನ್ನಡದಂತೆ ಇರುವುದಿಲ್ಲ. ಓದುವಾಗ ಬದಲಾಯಿಸಿಕೊಳ್ಳಬಹುದಾ ಅಂತ ಟೀಚರ್‌ಗಳು ಕೇಳುತ್ತಾರೆ. ಪಾತ್ರಗಳ ಮಾತನ್ನು ಮಕ್ಕಳ ಮಾತಿನಲ್ಲೇ ಆಡಿ ಅನ್ನುತ್ತೇನೆ ನಾನು. ‘ಎಲ್ಲಿಗೆ ಹೋಗುತ್ತೀಯ?’ ಅನ್ನುವುದು ‘ಎಲ್ಲಿ ಹೊಂಟಿ?’ ಆಗಲಿ. ಆದರೆ ಕಥೆ ಹೇಳುವ ಸಾಲುಗಳನ್ನು ಅಚ್ಚಾದ ಹಾಗೆಯೇ ಓದಿ. ಯಾಕೆಂದರೆ ಅದೇ ಪುಸ್ತಕವನ್ನು ಮಕ್ಕಳು ಆಮೇಲೆ ತಾವೇ ತೆಗೆದು, ಕೇಳಿದ ಸಾಲು ಎಲ್ಲಿದೆ ಅಂತ ಬೆರಳಿಟ್ಟು ಹುಡುಕುತ್ತಾರೆ. ಕೇಳಿದ್ದೂ ಪುಟದಲ್ಲಿರುವುದೂ ಹೊಂದಿದರೆ ಓದು ಮುಂದೆ ಹೋಗುತ್ತದೆ.

ಮಾತೇ ಇಲ್ಲದ ಚಿತ್ರಪುಸ್ತಕಗಳು ಇಂಥ ಕ್ಲಾಸುಗಳಿಗೆ ಹೇಳಿ ಮಾಡಿಸಿದಂಥವು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾಗಿ, 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿದ ನಲಿಕಲಿ ಅನ್ನುವ ಚಟುವಟಿಕೆ ಆಧಾರಿತ ಕಲಿಕೆಯಲ್ಲಿ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಅಲ್ಲಿ ಮಾತಿಲ್ಲದ ಒಂದು ಪುಸ್ತಕ ಇಟ್ಟರೆ ಒಂದನೇ ಕ್ಲಾಸಿನ ಮಗು ತನ್ನ ಮನೆಮಾತಿನಲ್ಲಿ ಕಥೆ ಹೇಳುತ್ತದೆ, ಎರಡನೇ ಕ್ಲಾಸಿನದು ಕನ್ನಡದಲ್ಲಿ ಹೇಳುತ್ತದೆ, ಮೂರನೇ ಕ್ಲಾಸಿನದು ಪ್ರತಿ ಪುಟಕ್ಕೆ ಒಂದು ಸಾಲು ಬರೆಯುತ್ತದೆ. ‘ಅಕ್ಷರವೇ ಇಲ್ಲ, ದುಡ್ಡು ದಂಡ’ ಅಂತ ಇವನ್ನು ಬಿಡುವ ಶಾಲೆಗಳು ಜಾಸ್ತಿ. ಐವತ್ತರಲ್ಲಿ ಐದಾದರೂ ಇಂಥವು ಇರಲಿ ಅಂತ ನಾನು ಒತ್ತಾಯಿಸಿ ಹೇಳುತ್ತೇನೆ.

ನೀತಿಯ ಕಾಟ

‘ಈ ಕಥೆಯ ನೀತಿ ಏನು?’ ಅನ್ನುವ ಪ್ರಶ್ನೆ ನಮ್ಮಲ್ಲಿ ಎಷ್ಟು ಆಳಕ್ಕೆ ಇಳಿದಿದೆ ಅಂದರೆ, ಕೊನೆಯಲ್ಲಿ ಅದಿಲ್ಲದಿದ್ದರೆ ಪುಸ್ತಕ ಅಪೂರ್ಣ ಅನ್ನಿಸುತ್ತದೆ. ಸುಳ್ಳು ಹೇಳಬಾರದು, ಹಲ್ಲುಜ್ಜಬೇಕು, ದೊಡ್ಡವರ ಮಾತು ಕೇಳಬೇಕು. ಇದೆಲ್ಲ ಮಕ್ಕಳಿಗೆ ಬೇಕು, ನಿಜ. ಆದರೆ ಅದಕ್ಕಾಗೇ ಹೆಣೆದ ಕಥೆಯಲ್ಲಿ ಕೆಟ್ಟ ಮಗು ಯಾರು, ಕೊನೆಗೆ ಯಾರಿಗೆ ಬುದ್ಧಿ ಬರುತ್ತದೆ ಅಂತ ಎರಡನೇ ಪುಟಕ್ಕೇ ಗೊತ್ತಾಗುತ್ತದೆ. ಮಕ್ಕಳಿಗೆ ಯೋಚಿಸಲು ಅಲ್ಲಿ ಏನೂ ಇಲ್ಲ. ಟೀಚರ್ ಕೇಳುವ ಪ್ರಶ್ನೆಗೆ ಇಡೀ ಕ್ಲಾಸು ಒಂದೇ ರಾಗದಲ್ಲಿ ಒಂದೇ ಉತ್ತರ ಕೊಡುತ್ತದೆ.

ಒಳ್ಳೆಯ ಕಥೆ ಮಕ್ಕಳನ್ನು ಎರಡು ಬಣ ಮಾಡುತ್ತದೆ. ಅಜ್ಜಿಯ ಹಿಂದೆ ಬಂದ ಹುಡುಗ ಕಡಲೆಕಾಯಿ ಆರಿಸಿ ಜೇಬಿಗೆ ಹಾಕಿಕೊಂಡ ಅಂದುಕೊಳ್ಳಿ, ಅವನು ಮಾಡಿದ್ದು ಕಳ್ಳತನವಾ? ‘ಬಿದ್ದಿದ್ದು ಯಾರದ್ದೂ ಅಲ್ಲ’ ಅಂತ ಕೆಲವರು. ‘ಅಜ್ಜೀದು, ಕೂಗಿ ಹೇಳಬೇಕಿತ್ತು’ ಅಂತ ಇನ್ನು ಕೆಲವರು. ‘ಅಳಿಲು ತಿಂದರೆ ಕಳ್ಳತನ ಅಲ್ವಾ ಹಾಗಾದ್ರೆ?’ ಅಂತ ಮೂರನೆಯವರು. ಸರಿ-ತಪ್ಪಿನ ಬಗ್ಗೆ ಮಕ್ಕಳು ನಿಜವಾಗಿ ತಲೆ ಓಡಿಸುವುದು ಇಲ್ಲಿ. ಪುಸ್ತಕ ತಾನೇ ತೀರ್ಪು ಕೊಟ್ಟಿದ್ದರೆ ಈ ಮಾತುಕತೆ ಹುಟ್ಟುತ್ತಲೇ ಇರಲಿಲ್ಲ.

ಪ್ರಶ್ನೆ ಕೇಳುತ್ತ ಓದುವುದರಿಂದ ಏನು ಲಾಭ ಅನ್ನುವುದಕ್ಕೆ ಅಧ್ಯಯನದ ಬೆಂಬಲವೂ ಇದೆ. ಅಮೆರಿಕದಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಎರಡು-ಮೂರು ವರ್ಷದ ಮಕ್ಕಳ ತಂದೆತಾಯಿಯರಲ್ಲಿ ಒಂದು ಗುಂಪು ಎಂದಿನಂತೆ ಚಿತ್ರಪುಸ್ತಕ ಓದಿ ಹೇಳಿತು. ಇನ್ನೊಂದು ಗುಂಪು ಹೌದು-ಇಲ್ಲ ಅನ್ನುವ ಉತ್ತರಕ್ಕೆ ನಿಲ್ಲದ ಪ್ರಶ್ನೆ ಕೇಳುತ್ತ, ಮಗು ಹೇಳಿದ್ದನ್ನು ಸ್ವಲ್ಪ ಬೆಳೆಸಿ ಹೇಳುತ್ತ ಓದಿತು. ಒಂದೇ ತಿಂಗಳಲ್ಲಿ ಎರಡನೇ ಗುಂಪಿನ ಮಕ್ಕಳ ಮಾತು ಗುರುತಿಸುವಷ್ಟು ಮುಂದೆ ಹೋಗಿತ್ತು. ಪುಸ್ತಕ ಆರಿಸುವವರಿಗೆ ಇದರಿಂದ ಒಂದು ಪರೀಕ್ಷೆ ಸಿಗುತ್ತದೆ. ಓದಿ ಮುಗಿಸಿದ ಮೇಲೆ ನಿಮಗೇ ಉತ್ತರ ಗೊತ್ತಿಲ್ಲದ, ಕೇಳಬೇಕು ಅನ್ನಿಸುವ ಎರಡು ಪ್ರಶ್ನೆ ಹುಟ್ಟಿದವಾ? ಹುಟ್ಟಿದರೆ ಅದು ಕ್ಲಾಸಿನ ಪುಸ್ತಕ.

ಕಥೆಯಲ್ಲದ ಚಿತ್ರಪುಸ್ತಕಗಳನ್ನೂ ಮರೆಯಬೇಡಿ. ಇರುವೆ, ಮಳೆ, ಬಸ್ಸು, ಬಾವಿ ಬಗ್ಗೆ ನಿಜ ಸಂಗತಿ ಹೇಳುವ ಪುಸ್ತಕಗಳು. ಕಥೆಗೆ ಕೂರದ ಕೆಲವು ಮಕ್ಕಳು ಇವುಗಳಿಗೆ ಅಂಟಿಕೊಳ್ಳುತ್ತಾರೆ. ಇಲ್ಲಿ ನೋಡಬೇಕಾದ್ದು ಚಿತ್ರ ಸರಿ ಇದೆಯಾ ಅನ್ನುವುದು. ಜೇಡಕ್ಕೆ ಎಂಟು ಕಾಲು ಇರಬೇಕು, ಇರುವೆಗೆ ಆರು. ಚಿತ್ರಕಾರರು ಚಂದಕ್ಕೆ ಅಂತ ಎರಡು ಕಡಿಮೆ ಹಾಕಿದ್ದರೆ ಎಣಿಸುವ ಮಗು ಖಂಡಿತ ಹಿಡಿಯುತ್ತದೆ.

ಎಲ್ಲಿ ಸಿಗುತ್ತವೆ, ಹೇಗೆ ಕೊಳ್ಳುವುದು

1957ರಲ್ಲಿ ಶುರುವಾದ ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್, ಬೆಂಗಳೂರಿನ ನವಕರ್ನಾಟಕ, ಚೆನ್ನೈನ ತೂಲಿಕಾ ಇವರೆಲ್ಲ ಕನ್ನಡದಲ್ಲಿ ಮಕ್ಕಳ ಪುಸ್ತಕ ತರುತ್ತಾರೆ. ತೂಲಿಕಾದವರ ಎರಡು ಭಾಷೆಯ ಪುಸ್ತಕಗಳಲ್ಲಿ ಒಂದೇ ಪುಟದಲ್ಲಿ ಕನ್ನಡವೂ ಇಂಗ್ಲಿಷೂ ಇರುತ್ತದೆ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಪುಸ್ತಕಗಳನ್ನು ದುಡ್ಡಿಲ್ಲದೆ ಓದಬಹುದು, ಇಳಿಸಿಕೊಳ್ಳಬಹುದು, ಅಚ್ಚು ಹಾಕಿಸಬಹುದು. ಮುಕ್ತ ಪರವಾನಗಿ ಇರುವುದರಿಂದ ನಿಮ್ಮ ಕಡೆಯ ಕನ್ನಡಕ್ಕೆ, ಮಕ್ಕಳ ಮನೆಮಾತಿಗೆ ಅನುವಾದಿಸಿಯೂ ಬಳಸಬಹುದು, ಮೂಲ ಬರೆದವರ ಮತ್ತು ಚಿತ್ರಕಾರರ ಹೆಸರು ಹಾಕಿದರಾಯಿತು. ಶಾಲೆಯಲ್ಲಿ ಸ್ಮಾರ್ಟ್ ಟಿವಿ ಇದ್ದರೆ ಕೊನೆಯ ಸಾಲಿನ ಮಗುವಿನ ಸಮಸ್ಯೆಯೂ ತೀರುತ್ತದೆ. ಆದರೆ ಅದೇ ಕಥೆಯ ಕಾಗದದ ಪ್ರತಿ ಒಂದು ಕ್ಲಾಸಿನಲ್ಲಿ ಇರಲಿ. ಪರದೆಯ ಪುಟವನ್ನು ಮಗು ತಾನೇ ಹಿಂದೆ ತಿರುಗಿಸಿ, ಅಳಿಲು ಮೊದಲು ಎಲ್ಲಿ ಬಂತು ಅಂತ ಹುಡುಕಲು ಆಗುವುದಿಲ್ಲ.

ಕೊಳ್ಳುವ ಮೊದಲು ಪುಸ್ತಕ ಕಣ್ಣಾರೆ ನೋಡಲು ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಹೋಗಬಹುದು. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಅಭಿಯಾನದಿಂದ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ಮಕ್ಕಳನ್ನು ಕರೆದುಕೊಂಡೇ ಹೋಗಿ. ಯಾವ ಪುಸ್ತಕಕ್ಕೆ ಕೈ ಹಾಕುತ್ತಾರೆ, ಯಾವುದನ್ನು ಎರಡು ಪುಟ ತಿರುವಿ ಇಡುತ್ತಾರೆ ಅಂತ ಸುಮ್ನೆ ನೋಡುತ್ತ ಕೂತರೆ ಅರ್ಧ ಪಟ್ಟಿ ಅಲ್ಲೇ ತಯಾರಾಗುತ್ತದೆ.

ಐವತ್ತು ಬೇರೆ ಬೇರೆ ಪುಸ್ತಕ ತರುವ ಬದಲು, ತುಂಬ ಚೆನ್ನಾಗಿರುವ ನಾಲ್ಕೈದು ಪುಸ್ತಕಗಳ ಐದೈದು ಪ್ರತಿ ತನ್ನಿ. ಗುಂಪಿನಲ್ಲಿ ಓದಲು ಅದು ಬೇಕೇ ಬೇಕು. ಒಂದೇ ಪ್ರತಿಯನ್ನು ಐದು ಮಕ್ಕಳು ಎಳೆದಾಡಿದರೆ ಚಿತ್ರ ನೋಡುವುದು ಗಟ್ಟಿ ತೋಳಿನ ಮಗು ಮಾತ್ರ. ನಡುವಿನ ಪಿನ್ ತುಕ್ಕು ಹಿಡಿಯದ ಹಾಗೆ, ಮೂಲೆ ಬಿಚ್ಚಿಕೊಳ್ಳದ ಹಾಗೆ ಮೊದಲ ವಾರವೇ ಬೆನ್ನಿಗೆ ಅಗಲ ಟೇಪು ಹಾಕಿ.

ಆಮೇಲೆ ಬೀರುವಿಗೆ ಬೀಗ ಹಾಕಬೇಡಿ. ಸ್ಟಾಕ್ ರಿಜಿಸ್ಟರ್‌ನಲ್ಲಿ ಪುಸ್ತಕ ಕಮ್ಮಿಯಾದರೆ ಮುಖ್ಯ ಶಿಕ್ಷಕರು ಉತ್ತರ ಕೊಡಬೇಕಾಗುತ್ತದೆ ಅನ್ನುವ ಹೆದರಿಕೆ ನಿಜ. ಅದಕ್ಕೆ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲೇ ವರ್ಷದ ಶುರುವಿನಲ್ಲಿ ಒಂದು ಮಾತು ಬರೆಸಿಡಿ: ಮಕ್ಕಳು ಬಳಸಿ ಹರಿದ ಪುಸ್ತಕವನ್ನು ರಿಜಿಸ್ಟರ್‌ನಿಂದ ತೆಗೆಯಲು ಸಭೆಯ ಒಪ್ಪಿಗೆ ಇದೆ ಅಂತ. ಮಾರ್ಚ್‌ನಲ್ಲಿ ಹರಿದವನ್ನೆಲ್ಲ ಬೇರೆ ಮಾಡಿ, ಹೆಸರು ಬರೆದುಕೊಳ್ಳಿ. ಹೊಸದರಂತೆ ಉಳಿದವುಗಳ ಹೆಸರೂ ಬರೆದುಕೊಳ್ಳಿ. ಮುಂದಿನ ಅನುದಾನ ಬಂದಾಗ ಮೊದಲ ಪಟ್ಟಿಯವನ್ನು ಮತ್ತೆ ಕೊಳ್ಳಿ. ಎರಡನೇ ಪಟ್ಟಿಯವನ್ನು ಪಕ್ಕದ ಶಾಲೆಯ ಜೊತೆ ಅದಲುಬದಲು ಮಾಡಿಕೊಳ್ಳಬಹುದು. ನಿಮ್ಮ ಮಕ್ಕಳು ಮುಟ್ಟದ ಪುಸ್ತಕವನ್ನು ಅಲ್ಲಿನ ಮಕ್ಕಳು ಓದಿಯಾರು. ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರನ್ನು ನೋಡಿಕೊಳ್ಳುವ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಅಲ್ಲಿನ ನಾಲ್ಕು ಶಾಲೆ ಸೇರಿ ಮಾಡಿದರೆ ಇನ್ನೂ ಸುಲಭ.